ಮಂಗಳವಾರದ ದೋಣಿ

ಟ್ಯೂಸ್‌ಡೇ ಫೆರಿ ಎಂಬ ಅಮೇರಿಕದ ಬ್ಯಾಂಡಿನ ಬಗ್ಗೆ ಅಮೇರಿಕದವರಿಗೇ ಗೊತ್ತಿರದಷ್ಟು ಸಂಗತಿ ಮದುವೆಗಳಿಗೆ ಮೈಕ್‌ಸೆಟ್ ಬಾಡಿಗೆ ಕೊಡುವ ಮಧುಗಿರಿಯ ನಂದೀಶ್ವರಯ್ಯನಿಗೆ ಗೊತ್ತಿತ್ತು. ಹಾಗಿದ್ದೂ ಆ ದಿನ ಬೆಳಿಗ್ಗೆ ಅವನು ಹಲ್ಲುಜ್ಜುವುದನ್ನೇ ಮರೆತು ನಿಂತ. ಎದುರು ಹೋಟೆಲಿನ ಶಂಕರಲಿಂಗಪ್ಪ ಆಗಷ್ಟೇ ಬಾಗಿಲಲ್ಲಿ ನಿಂತು, ಹಾಲಿನ ಕ್ಯಾನನ್ನು ಕೆಳಗೂ ಇಡದೆ, ಒಂದೇ ಉಸಿರಿಗೆ ಹೇಳಿ ಹೋಗಿದ್ದ. "ಅಯ್ನೋರೇ, ಗಂಗಣ್ಣ ಇವತ್ತು ಹನ್ನೊಂದರ ಬಸ್ಸಿಗೆ ಬರ್ತಾವ್ನಂತೆ. ಒಬ್ನೇ ಅಲ್ಲ. ಅವರ ಹಟ್ಟೀಲಿ ಟೇಪಿಗೆ ಹಾಡು ಹಿಡ್ಕಳಕ್ಕೆ ಬಂದಿರೋ ಅಮೇರಿಕದ ಹೆಂಗ್ಸು, ಆಯಮ್ಮನ್ನೂ ಕರ್ಕಂಡ್ ಬರ್ತಾವ್ನೆ. ನಿಮ್ಮ ಬ್ಯಾಂಡಿನ ಚರಿತ್ರೆ ಕೇಳ್ಬೇಕಂತೆ." ಒಂದು ಮಾತಿನಲ್ಲಿ ಎರಡು ಮೊಳೆ. ಅಮೇರಿಕ ಒಂದು, ಗಂಗಣ್ಣ ಇನ್ನೊಂದು. ಎರಡರಲ್ಲಿ ಯಾವುದು ಹೆಚ್ಚು ಆಳಕ್ಕೆ ಇಳಿಯಿತೆಂದು ನೋಡಿಕೊಳ್ಳಲು ಹೋಗಿ ಅವನು ಬೇವಿನ ಕಡ್ಡಿಯ ಅರ್ಧವನ್ನು ನುಂಗಿಬಿಟ್ಟ. ಕನ್ನಡಿಯಲ್ಲಿ ಕಂಡ ಮುಖ ಐವತ್ತರ ಮುಖವಾಗಿರಲಿಲ್ಲ. ಲೆಕ್ಕದ ಮೇಷ್ಟರ ಎದುರು ನಿಂತ, ಉತ್ತರ ಪಕ್ಕದವನಿಂದ ಬರೆದುಕೊಂಡ ಹುಡುಗನ ಮುಖವಾಗಿತ್ತು.

ಹಾಗೆ ನೋಡಿದರೆ ಅವನದು ಸಾಮಾನ್ಯ ಮೈಕ್‌ಸೆಟ್ ಅಲ್ಲ. ಅವನ ಧ್ವನಿವರ್ಧಕದ ಹಾರನ್ನು ಮಧುಗಿರಿಯಲ್ಲಿ ಕೂಗಿದರೆ ಕೊರಟಗೆರೆಯಲ್ಲಿ ತೊಟ್ಟಿಲ ಕೂಸು ಎದ್ದು ಕೂರುತ್ತಿತ್ತು, ಶಿರಾದಲ್ಲಿ ಕುದುರೆ ಗಾಡಿಗಳು ತಾವಾಗಿ ಹೊರಡುತ್ತಿದ್ದವು, ಊರ ಮೇಲಿನ ಏಕಶಿಲೆಯ ಬೆಟ್ಟ ಆ ಸದ್ದಿಗೆ ಒಂದು ಗೇಣು ಪಕ್ಕಕ್ಕೆ ಸರಿದು ಮತ್ತೆ ಬಂದು ಕೂತದ್ದನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದಾರೆ. ಎಪ್ಪತ್ತೊಂದರಲ್ಲಿ, ಊರಿನವರಿಗೆ ಕೋಳಿ ಸಾಕುವುದನ್ನು ಕಲಿಸಲು ಬಂದು ಒಂದು ಕೋಳಿಯನ್ನೂ ಉಳಿಸಿಕೊಳ್ಳಲಾರದೆ ಹೊರಟ ಅಮೇರಿಕದ ತರುಣನೊಬ್ಬ, ತನ್ನ ಟ್ರಾನ್ಸಿಸ್ಟರನ್ನು ರಿಪೇರಿ ಮಾಡಿಕೊಟ್ಟ ಪ್ರೀತಿಗೆ ನಂದೀಶ್ವರಯ್ಯನ ಕೈಯಲ್ಲಿ ಗ್ರಾಮಫೋನಿನ ಒಂದು ದೊಡ್ಡ ಪ್ಲೇಟು ಇಟ್ಟು ಹೋಗಿದ್ದ. ರಟ್ಟಿನ ಹೊದಿಕೆಯ ಮೇಲೆ ಒಂದು ದೋಣಿ, ದೋಣಿಯಲ್ಲಿ ನಾಲ್ವರು ಗಡ್ಡದವರು. ಹಿಂದೆ ಇರುವೆ ಸಾಲಿನಂಥ ಇಂಗ್ಲಿಷು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೇ ಡುಮ್ಕಿ ಹೊಡೆದಿದ್ದ ನಂದೀಶ್ವರಯ್ಯ ಮೂರು ದಿನ ಕೂತು ಅಕ್ಷರ ಕೂಡಿಸಿ ಓದಿದ್ದು ಇಷ್ಟು: ಬ್ಯಾಂಡಿನ ಹೆಸರು ಮಂಗಳವಾರದ ದೋಣಿ, ಹಾಡುವವನು ವಾಲ್ಟರ್, ಉಳಿದವರು ಗ್ಯಾರಿ, ಡೀನ್, ಲೂ. ಅಷ್ಟೇ. ಉಳಿದ ಹದಿಮೂರು ವರ್ಷದ ಚರಿತ್ರೆಯನ್ನು ಅವನೇ ಸಾಕಿ ಸಲಹಿದ.

ಮೊದಮೊದಲು ಯಾರೋ ಕೇಳಿದ್ದಕ್ಕೆ ಹೇಳಿದ. ಮಂಗಳವಾರ ಹೊರಟ ದೋಣಿ ಉದ್ಧಾರ ಆಗುತ್ತದೆಯೇ ಎಂದು ಹೂ ಮಾರುವ ಲಕ್ಕಮ್ಮ ಕೇಳಿದಾಗ, ಆಗುತ್ತದೆ, ಆಗಿದೆ, ಎಂದು ತೋರಿಸಲೇಬೇಕಾಯಿತು. ಎಪ್ಪತ್ತೆರಡರಲ್ಲಿ ಬ್ಯಾಂಡಿನವರು ಹದಿನೆಂಟು ಪಟ್ಟಣ ಗೆದ್ದರು. ಎಪ್ಪತ್ತಮೂರರಲ್ಲಿ ಎರಡು ಗುಡ್ಡಗಳ ನಡುವೆ ಮೂರು ಲಕ್ಷ ಜನ ಸೇರಿ, ನೂಕುನುಗ್ಗಲಿಗೆ ಒಂದು ಗುಡ್ಡವೇ ಸವೆಯಿತು. ಎಪ್ಪತ್ತಾರರಲ್ಲಿ ಅವರ ಬಸ್ಸು ಘಾಟಿಯಲ್ಲಿ ಕೆಟ್ಟು, ಇಳಿದು ತಳ್ಳುತ್ತ ತಳ್ಳುತ್ತ ಹೊಸ ಹಾಡು ಕಟ್ಟಿದರು. ಎಪ್ಪತ್ತೆಂಟರಲ್ಲಿ ವಾಲ್ಟರನ ಗಂಟಲು ಕಟ್ಟಿ, ಒಂದು ವರ್ಷ ಮೌನವಿದ್ದು, ಮೌನದಲ್ಲೇ ತಾಳ ಹಾಕಿ ಜನರನ್ನು ಅಳಿಸಿದ. ನಿಜಕ್ಕೂ ಕೆಟ್ಟದ್ದು ಕೊರಟಗೆರೆ ರಸ್ತೆಯಲ್ಲಿ ತಾನು ಕೂತಿದ್ದ ಬಸ್ಸು. ಕಟ್ಟಿದ ಗಂಟಲೂ ತನ್ನದೇ. ಹೀಗೆ ತನಗಾದದ್ದನ್ನೆಲ್ಲ ಅಮೇರಿಕಕ್ಕೆ ಕಳಿಸಿ ಹೊಳಪು ಹಾಕಿಸಿ ವಾಪಸು ತರಿಸಿಕೊಳ್ಳುವುದರಲ್ಲಿ ಒಂದು ಸುಖವಿತ್ತು. ಆದರೆ ಎಪ್ಪತ್ತನಾಲ್ಕರ ಅಧ್ಯಾಯ ಮಾತ್ರ ಹಾಗೆ ಹುಟ್ಟಿದ್ದಲ್ಲ. ಅದನ್ನು ಅವನು ಹಲ್ಲು ಕಚ್ಚಿ ಹುಟ್ಟಿಸಿದ್ದ. ಆ ವರ್ಷ ಗ್ಯಾರಿ ಬ್ಯಾಂಡು ಬಿಟ್ಟ. ಏಕೆಂದರೆ ಗ್ಯಾರಿ ಕಿವುಡ. ಹುಟ್ಟುಗಿವುಡ. ಅದನ್ನು ಮುಚ್ಚಿಟ್ಟು ಇಷ್ಟು ದಿನ ಅನ್ನ ತಿಂದಿದ್ದ. ಈ ಅಧ್ಯಾಯ ಕೇಳಿದವರು ನಕ್ಕು, ಒಬ್ಬರ ಮುಖ ಒಬ್ಬರು ನೋಡಿ, ನಾಲ್ಕು ತಾಲ್ಲೂಕಿನಲ್ಲೂ ಬಡವನಹಳ್ಳಿ ಕಡೆಯ ಗೊಲ್ಲರಹಟ್ಟಿಯ ಗಂಗಣ್ಣನಿಗೆ ಗ್ಯಾರಿ ಎಂದೇ ಹೆಸರಿಟ್ಟಿದ್ದರು.

ಗಂಗಣ್ಣನ ಕಿವಿ! ಬಡವನಹಳ್ಳಿಯಲ್ಲಿ ಕೂತು ಶಿರಾದ ಬಸ್ಸು ಗೇರು ಬದಲಿಸಿದ್ದನ್ನು ಹೇಳುವ ಕಿವಿ ಅದು. ಮುನ್ನೂರು ಕುರಿಗಳಲ್ಲಿ ಒಂದು ಕೆಮ್ಮಿದರೆ ಯಾವ ಕುರಿ, ಯಾವ ತಾಯಿಯ ಮರಿ ಎಂದು ಹೇಳುತ್ತಿದ್ದ. ಮೈಕ್‌ಸೆಟ್ಟಿನಲ್ಲಿ ಆಗ ಅರ್ಧ ಪಾಲು ಅವನದು. ಮರದ ತುದಿಗೆ ಹಾರನ್ನು ಕಟ್ಟುವ ಕೆಲಸ ಪೂರ್ತಿ ಅವನದೇ. ಬೇರೆಯವರು ಏಣಿ ಇಟ್ಟರೆ ಅವನು ಪಂಚೆ ಕಟ್ಟಿ, ಹಗ್ಗ ಹಲ್ಲಲ್ಲಿ ಕಚ್ಚಿ, ಕೊನೆಯ ಟೊಂಗೆಯ ಮೇಲೆ ಕೂತು, ಗಾಳಿ ಕೇಳಿ ಹಾರನ್ನಿನ ಮುಖ ತಿರುಗಿಸುತ್ತಿದ್ದ. ಹತ್ತುವ ಮುಂಚೆ ಹೆಗಲ ಟವೆಲನ್ನು ಆಂಪ್ಲಿಫಯರಿನ ಮೇಲೆ ಹಾಸುತ್ತಿದ್ದ, ಕೂಸಿಗೆ ಹೊದಿಸಿದ ಹಾಗೆ. ಎಪ್ಪತ್ತನಾಲ್ಕರಲ್ಲಿ ಪಾವಗಡದ ಒಂದು ಮದುವೆಯಲ್ಲಿಯೂ ಹಾಸಿದ್ದ. ನಂದೀಶ್ವರಯ್ಯ ದೇವರ ಹಾಡು ಮುಗಿಸಿ, ಬೀಗರನ್ನು ಬೆರಗುಗೊಳಿಸಲು ಅಮೇರಿಕದ ಪ್ಲೇಟು ಬಿಟ್ಟ. ಚಪ್ಪರದಲ್ಲಿ ಕೂತ ಮುದುಕನೊಬ್ಬ ಎಲೆಯಡಿಕೆ ಉಗಿದು, "ಏಮಪ್ಪಾ ಇದಿ, ಪಿಲ್ಲಿ ಅರುಸ್ತಾ ಉಂದಾ?" ಎಂದ. ಬೆಕ್ಕು ಕಿರುಚುತ್ತಿದೆಯಾ ಎಂದು ಕೇಳಿದ್ದು ಆ ಒಬ್ಬ, ನಕ್ಕದ್ದು ಇಡೀ ಚಪ್ಪರ. ಆಗ ಗಂಗಣ್ಣ ಮರದಿಂದ ಇಳಿದು, ತಲೆ ಒಂದು ಕಡೆ ವಾಲಿಸಿ, ಮೆಲ್ಲಗೆ ಹೇಳಿದ್ದು ಇಷ್ಟೇ: "ಅಯ್ನೋರೇ, ಇದು ಹಾಡ್ತಿಲ್ಲ, ಓಡ್ತೈತೆ. ಯಾರೋ ಅಟ್ಟಿಸ್ಕಂಡ್ ಬಂದಂಗೈತೆ. ಒಸಿ ನಿಧಾನ ಮಾಡಾಕ್ ಆಗಲ್ವಾ?" ಮೆಲ್ಲಗೆ ಹೇಳಿದ್ದ. ನಂದೀಶ್ವರಯ್ಯ ಮೈಕಿನಲ್ಲಿ ಉತ್ತರ ಕೊಟ್ಟ. "ಕುರಿ ಅರಚೋದು ಕೇಳಿ ಬೆಳೆದ ಕಿವಿ ಕಣ್ರಪ್ಪಾ ಇದು, ನನಗೆ ಅಮೇರಿಕದ ರಾಗ ಹೇಳಿಕೊಡೋಕೆ ಬಂದೈತೆ." ನಗು ಪಕ್ಕಕ್ಕೆ ಸರಿದು ಗಂಗಣ್ಣನ ಮೇಲೆ ಬಿತ್ತು. ಎಂಥ ನಗು, ಎಂಥ ಹಗುರ ಆ ಕ್ಷಣ. ಹೊತ್ತ ಮೂಟೆಯನ್ನು ಇನ್ನೊಬ್ಬನ ತಲೆಗೆ ದಾಟಿಸಿದಂತೆ. ಗಂಗಣ್ಣ ಆಂಪ್ಲಿಫಯರಿನ ಮೇಲಿನ ಟವೆಲು ತೆಗೆದು, ಎರಡು ಸಲ ಒದರಿ, ಹೆಗಲಿಗೆ ಹಾಕಿಕೊಂಡು ನಡೆದುಬಿಟ್ಟ. ಪಾವಗಡದಿಂದ ಬಡವನಹಳ್ಳಿಯವರೆಗೆ ನಡೆದೇ ಹೋದನಂತೆ. ಅಂದಿನಿಂದ ಹತ್ತು ವರ್ಷ ನಂದೀಶ್ವರಯ್ಯನ ಹಾರನ್ನು ಏಣಿಗಿಂತ ಮೇಲೆ ಹೋಗಿರಲಿಲ್ಲ.

"ಎರಡನೇ ಸಲ ಕೂಗ್ತಿದೀನಿ, ರೊಟ್ಟಿ ಆರ್ತಾ ಇದೆ," ಎಂದು ಒಳಗಿನಿಂದ ನಾಗರತ್ನಮ್ಮ ಅಂದಳು. ಅವನು ತಿಂದ. ಏನು ತಿಂದ ಎಂದು ತಿಳಿಯಲಿಲ್ಲ. ಹೆಂಡತಿ ಎದುರು ಕೂತು ಅವನನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತು, ಲೋಕದಲ್ಲಿ ಅವಳೊಬ್ಬಳಿಗೆ. ಎರಡು ವರ್ಷದ ಹಿಂದೆ, ಯಾವ ಮದುವೆಯೂ ಇಲ್ಲದ ಆಷಾಢದ ಒಂದು ಮಧ್ಯಾಹ್ನ, ಅವನು ಪ್ಲೇಟಿನ ಯಂತ್ರ ಬಿಚ್ಚಿ ಎಣ್ಣೆ ಬಿಡುತ್ತಿದ್ದಾಗ, ಅದರ ಬದಿಯ ಒಂದು ಸಣ್ಣ ಗುಂಡಿ ಕೈಗೆ ಸಿಕ್ಕಿತು. ತಟ್ಟೆಯ ಓಟ ಬದಲಿಸುವ ಗುಂಡಿ. ನಿಮಿಷಕ್ಕೆ ನಲವತ್ತೈದು ಸುತ್ತು, ಮೂವತ್ತಮೂರು ಸುತ್ತು ಎಂದು ಎರಡು ಗುರುತು. ಸಿನಿಮಾ ಹಾಡಿನ ಚಿಕ್ಕ ಪ್ಲೇಟುಗಳೆಲ್ಲ ನಲವತ್ತೈದರಲ್ಲಿ ಓಡುವಂಥವು, ಅವನ ಹತ್ತಿರ ಇದ್ದದ್ದೂ ಅವೇ. ಕೊಂಡ ದಿನದಿಂದ ಆ ಗುಂಡಿಯನ್ನು ಯಾರೂ ಮುಟ್ಟದೆ ಅದು ತುಕ್ಕು ಹಿಡಿದು ಬೆಸೆದುಹೋಗಿತ್ತು. ಎಣ್ಣೆ ಕುಡಿದು ಅಂದು ಅದು ಟಕ್ ಎಂದು ಮೂವತ್ತಮೂರಕ್ಕೆ ಸರಿಯಿತು. ಮೇಲೆ ಅಮೇರಿಕದ ಪ್ಲೇಟಿತ್ತು. ಅವನು ಮುಳ್ಳು ಇಟ್ಟ. ಆಗ ಹೆಂಗಸಿನ ಗಂಟಲಿನ ವಾಲ್ಟರ್ ಹೋಗಿ, ಕುದುರೆ ಓಟದ ತಾಳ ಹೋಗಿ, ಒಬ್ಬ ಗಂಡಸು, ದಣಿದ, ದಪ್ಪ ದನಿಯ ಗಂಡಸು, ನೀರಿನ ದಡದಲ್ಲಿ ಕೂತು ತನಗೆ ತಾನೇ ಹೇಳಿಕೊಂಡ ಹಾಗೆ ಹಾಡತೊಡಗಿದ. ಅಡುಗೆಮನೆಯಿಂದ ನಾಗರತ್ನಮ್ಮ ಕೈ ಒರೆಸಿಕೊಳ್ಳುತ್ತ ಬಂದಿದ್ದಳು. "ಯಾರ್ರೀ ಅದು, ಪಾಪ, ಇಷ್ಟು ನೊಂದ್ಕೊಂಡಿರೋದು?" ನಂದೀಶ್ವರಯ್ಯ ಹಾಡು ಮುಗಿಯುವವರೆಗೂ ಎಣ್ಣೆಯ ಡಬ್ಬಿ ಹಿಡಿದೇ ಕೂತಿದ್ದ. ಆಮೇಲೆ ಗುಂಡಿಯನ್ನು ನಲವತ್ತೈದಕ್ಕೆ ದೂಡಿ, ಮೇಲೆ ಒಂದು ಚೂರು ಮೇಣ ಒತ್ತಿದ. ಅವಳು ಮೇಣವನ್ನೂ ನೋಡಿದಳು, ಅವನ ಮುಖವನ್ನೂ ನೋಡಿದಳು. ಗಂಗಣ್ಣನ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ಈಗ ರೊಟ್ಟಿಯ ಚೂರನ್ನು ತಟ್ಟೆಯಲ್ಲಿ ಆಡಿಸುತ್ತಿದ್ದವನಿಗೆ ಅವಳು ಅಂದಳು: "ಮೇಣ ತೆಗೀತೀರೋ, ಹಾಗೇ ಬಿಡ್ತೀರೋ?"

"ಊರೆಲ್ಲ ಸೇರಿರ್ತದೆ ಕಣೇ."

"ಪಾವಗಡದಲ್ಲೂ ಸೇರಿತ್ತಲ್ಲ," ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು.

ಹನ್ನೊಂದರ ಬಸ್ಸು ಅಂದು ಹನ್ನೊಂದಕ್ಕೇ ಬಂದು ಅವನಿಗೆ ದ್ರೋಹ ಮಾಡಿತು. ಹತ್ತೂವರೆಗೇ ಅಂಗಡಿಯ ಮುಂದಿನ ಹುಣಿಸೆ ಮರದಡಿ ಲೋಕವೇ ನೆರೆದಿತ್ತು: ಹೋಟೆಲು ಮುಚ್ಚಿ ಬಂದ ಶಂಕರಲಿಂಗಪ್ಪ, ಬುಟ್ಟಿ ಸಮೇತ ಲಕ್ಕಮ್ಮ, ಕೋರ್ಟಿನ ಕಟ್ಟೆಯಿಂದ ಕಕ್ಷಿದಾರರು, ಇಬ್ಬರು ವಕೀಲರು. ತೀರ್ಪು ಮುಂದೂಡಿ ಸ್ವತಃ ಜಡ್ಜಿಯೇ ಹೊರಟಿದ್ದರೆಂದೂ ಕರಿಕೋಟು ಸಿಗದೆ ಉಳಿದರೆಂದೂ ಆಮೇಲೆ ಹೇಳಿದವರುಂಟು. ನಂದೀಶ್ವರಯ್ಯ ಒಗೆದ ಜುಬ್ಬ ಹಾಕಿ, ವಿಭೂತಿ ಎಂದಿಗಿಂತ ಅಗಲ ಬಳಿದು ನಿಂತಿದ್ದ. ಗಂಗಣ್ಣ ಬಸ್ಸಿಳಿದ. ಕೂದಲು ನರೆತಿತ್ತು. ಹೆಗಲ ಮೇಲೆ ಟವೆಲಿತ್ತು. ಅದೇ ಟವೆಲು ಇರಲಾರದು, ಹತ್ತು ವರ್ಷ ಯಾವ ಟವೆಲು ಬಾಳುತ್ತದೆ. ಆದರೂ ನಂದೀಶ್ವರಯ್ಯ ಅದರ ಅಂಚನ್ನೇ ನೋಡಿದ. ಗಂಗಣ್ಣನ ಹಿಂದೆ ಬಿಳಿಯ ಹೆಂಗಸು, ಬಿಸಿಲಿಗೆ ಟೊಮೇಟೊ ಆದ ಮುಖ, ಹೆಗಲಲ್ಲಿ ಟೇಪ್ ರೆಕಾರ್ಡರಿನ ಚರ್ಮದ ಚೀಲ. ಹೆಸರು ಎಲೆನ್; ಹಟ್ಟಿಯವರು ಮೂರೇ ದಿನದಲ್ಲಿ ಎಲ್ಲಮ್ಮ ಮಾಡಿದ್ದರು.

"ಕರ್ಕಂಡ್ ಬಂದಿವ್ನಿ ಅಯ್ನೋರೇ," ಎಂದ ಗಂಗಣ್ಣ, ಅವನನ್ನು ನೋಡದೆ, ಮರವನ್ನು ನೋಡುತ್ತ. "ನಮ್ಮವ್ವ ಕರಿಯಕ್ಕನ ಹಾಡೆಲ್ಲ ಹಿಡ್ಕಂಡ್ರು. ನಿಮ್ಮ ದೋಣಿ ಕತೇನೂ ಬೇಕಂದ್ರು. ನಮ್ಮ ಕಡೆ ಕತೆ ಅಂದ್ರೆ ಅದೇ ಅಲ್ವಾ ಮತ್ತೆ."

"ನಮಸ್ಕಾರ," ಎಂದಳು ಎಲೆನ್, ಗ್ರಂಥಾಲಯದ ಕಪಾಟಿನಿಂದ ಇಳಿದು ಬಂದಂಥ ಕನ್ನಡದಲ್ಲಿ. "ತಮ್ಮ ಕಥನವನ್ನು ನಾನು ಧ್ವನಿಮುದ್ರಿಸಿಕೊಳ್ಳಬಹುದೇ?"

ಲಕ್ಕಮ್ಮ ಬಾಯಿಗೆ ಸೆರಗು ಒತ್ತಿ, "ಅಯ್ಯೋ ಶಿವ್ನೇ, ನಮ್ ಪುರೋಹಿತ್ರಿಗಿಂತ ಚೆಂದಾಗ್ ಮಾತಾಡ್ತೈತೆ ಕಣಮ್ಮ," ಎಂದಳು.

ರಟ್ಟಿನ ಹೊದಿಕೆಯನ್ನು ಎಲೆನ್ ಎರಡು ಕೈಯಲ್ಲಿ ಹಿಡಿದು ಓದತೊಡಗಿದಾಗ ನಂದೀಶ್ವರಯ್ಯನ ಕಾಲಿನ ಕೆಳಗಿನ ನೆಲ ಬಾವಿಯಾಗಿತ್ತು. ಹದಿಮೂರು ವರ್ಷದ ಇರುವೆ ಸಾಲು ಅವಳ ಕಣ್ಣೊಳಗೆ ನಡೆದುಹೋಗುತ್ತಿತ್ತು. ಕೊನೆಗೆ ಅವಳು ತಲೆ ಎತ್ತಿ, "ಕ್ಷಮಿಸಿ. ಇವರ ಹೆಸರನ್ನು ನಾನು ಎಂದೂ ಕೇಳಿಲ್ಲ," ಎಂದಳು. ನೆರೆದವರೆಲ್ಲ ಒಟ್ಟಿಗೆ ಅವಳ ಮೇಲೆ ಬಿದ್ದರು. "ಏನಮ್ಮಾ ನೀನು, ನಿಮ್ಮೂರೋರ್ನೇ ನಿಂಗ್ ಗೊತ್ತಿಲ್ವಾ?" "ವಾಲ್ಟರ್ ಗೊತ್ತಿಲ್ವಾ? ಗಂಟ್ಲು ಕಟ್ಕಂಡಿದ್ದ ವಾಲ್ಟರ್?" "ಈಯಮ್ಮ ಅಮೇರಿಕಾನೋ ಅಲ್ವೋ, ಕೇಳ್ರೋ." ಶಂಕರಲಿಂಗಪ್ಪ ಕರುಣೆಯಿಂದ ಅವಳಿಗೊಂದು ಸ್ಟೂಲು ತಂದಿಟ್ಟು, "ಕೂತ್ಕಳಿ, ಅಯ್ನೋರು ಎಲ್ಲಾ ಹೇಳ್ತಾರೆ," ಎಂದ. ಇಡೀ ಅಮೇರಿಕ ಕಳೆದುಕೊಂಡದ್ದನ್ನು ಮಧುಗಿರಿ ಕಾಪಾಡಿಕೊಂಡಿತ್ತು. ನಂದೀಶ್ವರಯ್ಯನ ಎದೆ ಆನೆಯ ಹಾಗೆ ಎದ್ದು ನಿಂತಿತು. ಗೆದ್ದೆ, ಎಂದುಕೊಂಡ. ಮುಳ್ಳು ಇಟ್ಟ.

ಹಾರನ್ನು ಕಿರುಚಿತು. ಜನ ತಲೆದೂಗಿದರು, ಅವರ ಮಕ್ಕಳ ಮದುವೆಗಳೆಲ್ಲ ಈ ಓಟದಲ್ಲೇ ಆಗಿದ್ದವು. ಎಲೆನ್ ಮಾತ್ರ ತಲೆಯನ್ನು ಮೆಲ್ಲಗೆ ಒಂದು ಕಡೆ ವಾಲಿಸಿದಳು. ಆ ವಾಲುವಿಕೆಯನ್ನು ನಂದೀಶ್ವರಯ್ಯ ಮೊದಲೇ ನೋಡಿದ್ದ. ಪಾವಗಡದಲ್ಲಿ, ಮರದಿಂದ ಇಳಿದವನ ಕತ್ತಿನಲ್ಲಿ. ಅವಳ ಬೆರಳು ಹೊದಿಕೆಯ ಮೂಲೆಯಲ್ಲಿನ ಮೂವತ್ತಮೂರು ಎಂಬ ಅಂಕಿಯ ಮೇಲೆ ನಿಂತಿತು, ಕಣ್ಣು ಯಂತ್ರದ ಬದಿಯ ಮೇಣದ ಮೇಲೆ ನಿಂತಿತು. ಅವಳು ಬಾಯಿ ತೆರೆದಳು. ಪಕ್ಕದಲ್ಲಿದ್ದ ಗಂಗಣ್ಣ ಕಂಡೂ ಕಾಣದಂತೆ ತಲೆಯಲ್ಲಾಡಿಸಿದ. ಬೇಡ, ಎಂದು. ಅವಳು ಬಾಯಿ ಮುಚ್ಚಿದಳು. ಇದಿಷ್ಟನ್ನೂ ನಂದೀಶ್ವರಯ್ಯನೊಬ್ಬನೇ ನೋಡಿದ. ಅವನನ್ನು ಉಳಿಸಿದ್ದು ಗಂಗಣ್ಣ. ಪಾವಗಡದ ಚಪ್ಪರದಲ್ಲಿ ಮೆಲ್ಲಗೆ ಹೇಳಿದವನು ಇಲ್ಲಿ ಅದಕ್ಕಿಂತ ಮೆಲ್ಲಗೆ, ಹೇಳದೆಯೇ ಉಳಿಸಿದ್ದ. ಬೈದಿದ್ದರೆ ತಾಳಿಕೊಳ್ಳಬಹುದಿತ್ತು.

ಹಾಡು ಮುಗಿಯಿತು, ಟೇಪಿನ ಎರಡು ಗಾಲಿಗಳು ತಿರುಗತೊಡಗಿದವು. ಅವನು ಚರಿತ್ರೆ ಶುರುಮಾಡಿದ, ಮತ್ತು ಎಂದೂ ಹೇಳದಷ್ಟು ಚೆನ್ನಾಗಿ ಹೇಳಿದ. ಹದಿನೆಂಟು ಪಟ್ಟಣ ಮೂವತ್ತಾರಾದವು, ಮೂರು ಲಕ್ಷ ಜನ ಏಳು ಲಕ್ಷವಾದರು, ಸವೆದ ಗುಡ್ಡದ ಮಣ್ಣನ್ನು ಜನ ಮನೆಗೆ ಕಟ್ಟಿಕೊಂಡು ಹೋದರು. ಎಲೆನ್ ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು. "ಆಮೇಲೆ ಏನಾಯಿತು?" ಎಂದು ಅವಳು ಕೇಳಿದಾಗ, ಆ ಪ್ರಶ್ನೆಯಲ್ಲಿ ಅನುಮಾನವಿರಲಿಲ್ಲ, ಹಸಿವಿತ್ತು. ಆಮೇಲೆ ಎಪ್ಪತ್ತನಾಲ್ಕು. "ಎಪ್ಪತ್ನಾಲ್ಕರಲ್ಲಿ ಗ್ಯಾರಿ..." ಎಂದ. ಜನ ಆಗಲೇ ನಗಲು ಬಾಯಿ ಸಿದ್ಧಮಾಡಿಕೊಂಡು ಗಂಗಣ್ಣನ ಕಡೆ ತಿರುಗಿದರು. ಗಂಗಣ್ಣನೂ ನಗಲು ಸಿದ್ಧವಾಗಿದ್ದ. ಹತ್ತು ವರ್ಷದಲ್ಲಿ ಆ ನಗೆಯನ್ನು ಅವನು ರೂಢಿಸಿಕೊಂಡಿದ್ದನೆಂಬುದು ನಂದೀಶ್ವರಯ್ಯನಿಗೆ ಅಂದೇ ಕಂಡಿದ್ದು. ಗಾಲಿಗಳು ತಿರುಗುತ್ತಿದ್ದವು. ಈಗ ಹೇಳಿದ್ದು ಮಧುಗಿರಿಯ ಗಾಳಿಯಲ್ಲಿ ಕರಗುವುದಿಲ್ಲ. ಸಮುದ್ರ ದಾಟುತ್ತದೆ, ಯಾವುದೋ ಕಪಾಟಿನಲ್ಲಿ ಕೂರುತ್ತದೆ, ಇವರೆಲ್ಲ ಸತ್ತ ಮೇಲೂ ಯಾರೋ ಮುಳ್ಳು ಇಟ್ಟಾಗ ಗಂಗಣ್ಣ ಮತ್ತೆ ಮತ್ತೆ ಕಿವುಡನಾಗುತ್ತಾನೆ. ಬಾಗಿಲಲ್ಲಿ ನಾಗರತ್ನಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

"ಗ್ಯಾರಿ ಕಿವುಡನಲ್ಲ," ಎಂದ ನಂದೀಶ್ವರಯ್ಯ. ಮೈಕು ತೆಗೆದುಕೊಂಡ. ಪಾವಗಡದಲ್ಲಿ ಮೈಕಿನಲ್ಲಿ ಅಂದದ್ದನ್ನು ಬರಿಯ ಬಾಯಲ್ಲಿ ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. "ಕೇಳ್ರಪ್ಪಾ. ಹತ್ತು ವರ್ಷ ನಾನು ಸುಳ್ಳು ಹೇಳಿದೀನಿ. ಆ ಬ್ಯಾಂಡಲ್ಲಿ ಕಿವಿ ಇದ್ದೋನು ಗ್ಯಾರಿ ಒಬ್ನೇ. ಹಾಡು ದಾರಿ ತಪ್ಪಿದೆ ಅಂತ ಅವನು ಹೇಳ್ದ, ವಾಲ್ಟರ್ ಜನರ ಮುಂದೆ ಅವನ ಮರ್ಯಾದೆ ತೆಗೆದ. ಕಿವುಡ ವಾಲ್ಟರು. ಅವನು ಇಲ್ಲೇ, ಈ ಮೈಕು ಹಿಡ್ಕಂಡು ನಿಂತವ್ನೆ, ನೋಡ್ಕಳಿ." ಹಾರನ್ನು ಅದನ್ನು ಕೋರ್ಟಿಗೂ ಬಸ್ ನಿಲ್ದಾಣಕ್ಕೂ ಮುಟ್ಟಿಸಿತು, ಬೆಟ್ಟ ಅದನ್ನು ಹಿಡಿದು, ತಿರುಗಿಸಿ, ಇನ್ನೊಮ್ಮೆ ಊರಿಗೆ ಹೇಳಿತು. ಅವನು ಉಗುರಿನಿಂದ ಮೇಣ ಕಿತ್ತು, ಗುಂಡಿಯನ್ನು ಮೂವತ್ತಮೂರಕ್ಕೆ ದೂಡಿ, ಮುಳ್ಳನ್ನು ಮತ್ತೆ ಮೊದಲಿಗೆ ಇಟ್ಟ.

"ಯಾವ್ದೋ ಎಮ್ಮೆ ಈಯ್ತಾ ಐತೆ ಕಣ್ರೋ," ಎಂದು ಹಿಂದಿನಿಂದ ಯಾರೋ ಅಂದರು. "ಶ್, ಬಾಯ್ ಮುಚ್ಲಾ," ಎಂದಳು ಲಕ್ಕಮ್ಮ. ದಪ್ಪ ದನಿ ಮರದಡಿಯ ನೆರಳಿನಲ್ಲಿ ಹಾಸಿಕೊಂಡಿತು. ಒಂದು ದೋಣಿ, ಯಾವ ಅವಸರವೂ ಇಲ್ಲದ ದೋಣಿ, ಹನಿ ನೀರಿಲ್ಲದ ಮಧುಗಿರಿಯ ಬೀದಿಯಲ್ಲಿ ತೇಲಿ ಬಂದು ಒಬ್ಬೊಬ್ಬರನ್ನೇ ಹತ್ತಿಸಿಕೊಂಡಿತು. ಲಕ್ಕಮ್ಮನ ಕೈಯಲ್ಲಿನ ಹೂದಾರ ನಿಂತಿತು. ಕೋರ್ಟಿನ ಕಕ್ಷಿದಾರರಿಬ್ಬರು, ಒಬ್ಬರ ಮೇಲೊಬ್ಬರು ಇಪ್ಪತ್ತು ವರ್ಷದ ದಾವೆ ಹೂಡಿದವರು, ಒಂದೇ ಕಲ್ಲಿನ ಮೇಲೆ ಕೂತರು. ಎಲೆನ್ ಅಳುತ್ತಿದ್ದಳೋ, ಬೆವರೊರೆಸಿಕೊಂಡಳೋ. ಗಂಗಣ್ಣ ಕಣ್ಣು ಮುಚ್ಚಿ ನಿಂತಿದ್ದ. ಪ್ಲೇಟು ತನ್ನಷ್ಟಕ್ಕೆ ಮುಗಿದು ಮುಳ್ಳು ಕೆರೆಯತೊಡಗಿದಾಗ ಕಣ್ಣು ಬಿಟ್ಟು, ಹಾರನ್ನು ಕಟ್ಟಿದ ಟೊಂಗೆಯನ್ನು ನೋಡಿ ಅಂದ:

"ಹಾರನ್ನು ಕೆಳಗಾಯ್ತು ಅಯ್ನೋರೇ. ಇಂಗ್ ಕಟ್ಟಿದ್ರೆ ಅರ್ಧ ನೆಲಕ್ಕೇ ಹೋಗ್ತೈತೆ."

ಟವೆಲು ತೆಗೆದು ಆಂಪ್ಲಿಫಯರಿನ ಮೇಲೆ ಹಾಸಿದ. ಪಂಚೆ ಎತ್ತಿ ಕಟ್ಟಿದ. "ಲೇ ಗಂಗಣ್ಣ, ವಯಸ್ಸಾಗೈತೆ ಕಣ್ಲಾ, ಬೀಳ್ತೀಯ," ಎಂದು ಶಂಕರಲಿಂಗಪ್ಪ ಕೂಗುತ್ತಿದ್ದಂತೆಯೇ ಅವನು ಹಗ್ಗ ಕಚ್ಚಿ ಹುಣಿಸೆ ಮರದ ಅರ್ಧ ದಾಟಿದ್ದ. ಹತ್ತಿದ, ಹತ್ತಿದ, ಆ ಮರ ಅಂದು ಎಂದಿಗಿಂತ ನೂರು ಅಡಿ ಹೆಚ್ಚು ಬೆಳೆದಿತ್ತು. ಕೊನೆಯ ಟೊಂಗೆಯ ಮೇಲೆ ಕೂತು, ಗಾಳಿ ಕೇಳಿ, ಹಾರನ್ನಿನ ಮುಖವನ್ನು ಬೆಟ್ಟದ ಕಡೆಗೆ, ಅದರಾಚೆಯ ಪಾವಗಡದ ಕಡೆಗೆ ತಿರುಗಿಸಿ ಬಿಗಿದ. ಕೆಳಗೆ ನಂದೀಶ್ವರಯ್ಯ ಕತ್ತೆತ್ತಿ ನಿಂತಿದ್ದ. ಬಿಸಿಲಿಗೆ ಕಣ್ಣು ಕೋರೈಸಿ ನೀರಾಡುತ್ತಿತ್ತು. ಬಿಸಿಲಿಗೇ ಎಂದು ಎಲ್ಲರಿಗೂ ಕಾಣುವಂತೆ ಅವನು ಹಣೆಗೆ ಕೈ ಅಡ್ಡ ಹಿಡಿದುಕೊಂಡಿದ್ದ. ಇನ್ನೊಂದು ಕೈ ಓಟ ಬದಲಿಸುವ ಗುಂಡಿಯ ಮೇಲಿತ್ತು. ಜೀವಮಾನದಲ್ಲಿ ಮೊದಲ ಬಾರಿ, ಮೈಕಿಲ್ಲದೆ, ಗಂಟಲು ಕಿತ್ತುಹೋಗುವಂತೆ ಕೇಳಿದ:

"ಗಂಗಣ್ಣಾ! ಯಾವುದಕ್ಕೆ ಇಡ್ಲಪ್ಪಾ?"

ಮೇಲಿನಿಂದ ಎಲೆಗಳ ನಡುವೆ ನಗು ಉದುರಿತು, ಹತ್ತು ವರ್ಷದ ರೂಢಿಯ ನಗುವಲ್ಲ.

"ಮೊದ್ಲು ನಂದು ಬುಡ್ರಿ! ಆಮ್ಯಾಕೆ ನಿಮ್ದೂ ಬುಡುವ್ರಂತೆ. ಕುಣಿಯಾಕೆ ಅದೂ ಬೇಕು!"